ಬ್ಯಾಟರಿ ಹೋಯ್ತು ಅನ್ನುವ ಮೊದಲು: ಕಡಿಮೆ ಖರ್ಚಿನಲ್ಲಿ ಕಾರಿನ ಬ್ಯಾಟರಿ ಬದಲಿಸುವುದು

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಬೆಳಿಗ್ಗೆ ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅನ್ನುವ ಕಾರುಗಳು ಜಾಸ್ತಿಯಾಗುತ್ತವೆ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಮಂದವಾಗಿ ಸೆಲ್ಫಿಗೆ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ) ಕೆಲಸ ಹೆಚ್ಚುತ್ತದೆ. ಕೊಡುವ ಕೈ ಸೋತಿರುವಾಗಲೇ ಕೇಳುವ ಬಾಯಿ ದೊಡ್ಡದಾದ ಹಾಗೆ. ಆದರೆ ಬ್ಯಾಟರಿಯ ಆಯುಸ್ಸು ತಿಂದದ್ದು ಚಳಿಯಲ್ಲ, ಏಪ್ರಿಲ್, ಮೇ ತಿಂಗಳ ಬಿಸಿಲು ಮತ್ತು ಬಾನೆಟ್ ಒಳಗಿನ ಕಾವು. ಚಳಿ ಅದನ್ನು ಬಯಲಿಗೆಳೆಯುತ್ತದೆ, ಅಷ್ಟೆ.

ಸಣ್ಣ ಪೆಟ್ರೋಲ್ ಕಾರಿಗೆ ಹೊಸ 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟು ಹಿಡಿದಿಡುತ್ತದೆ ಅನ್ನುವ ಅಳತೆ) ಬ್ಯಾಟರಿ ಅಂದರೆ ಸುಮಾರು ಮೂರೂವರೆಯಿಂದ ಐದು ಸಾವಿರ ರೂಪಾಯಿ ಕೈಬಿಡುತ್ತದೆ. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಈ ದುಡ್ಡು ಉಳಿಸುವ ಜಾಗ ಅಂಗಡಿಯ ಚೌಕಾಸಿಯಲ್ಲಿಲ್ಲ, ಅಂಗಡಿಗೆ ಹೋಗುವ ಮುಂಚಿನ ಅರ್ಧ ಗಂಟೆಯಲ್ಲಿದೆ. ಮುನ್ನೂರು ರೂಪಾಯಿ ಆಸುಪಾಸಿನ ಡಿಜಿಟಲ್ ಮಲ್ಟಿಮೀಟರ್ ಒಂದು ಕೊಳ್ಳಿ. ಕೆಟ್ಟಿರುವುದು ಟರ್ಮಿನಲ್ಲಾಗಿ, ಓಡುವಾಗ ಬ್ಯಾಟರಿ ತುಂಬುವ ಡೈನಮೋ (ಆಲ್ಟರ್ನೇಟರ್) ಆಗಿ, ಎಲ್ಲೋ ಸೋರುತ್ತಿರುವ ಕರೆಂಟಾಗಿ ಇದ್ದರೆ ಹೊಸ ಬ್ಯಾಟರಿಯೂ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯುತ್ತದೆ.

ಮೊದಲು ಮೀಟರ್ ಇಡಿ

ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಬಾಗಿಲು ತೆಗೆಯುವ ಗಲಾಟೆಯಿಲ್ಲದೆ, ಲೈಟು ಹಾಕದೆ, ಬಾನೆಟ್ ಎತ್ತಿ ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ ಎರಡು ಟರ್ಮಿನಲ್ ಮೇಲೆ ಇಡಿ. ಓಡಿಸಿ ತಂದ ಕೂಡಲೇ ನೋಡಿದರೆ ಸುಳ್ಳು ಲೆಕ್ಕ ಬರುತ್ತದೆ, ಚಾರ್ಜಿನ ನೊರೆ ಇನ್ನೂ ಮೇಲೇ ಇರುತ್ತದೆ. 12.6 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪೂರ್ತಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12 ಅಂದರೆ ಕಾಲು ಭಾಗ. 11.8 ಬಂದರೆ ಖಾಲಿ. ಆದರೆ ಖಾಲಿಯಾಗಿರುವುದೇ ಬೇರೆ, ಹಾಳಾಗಿರುವುದೇ ಬೇರೆ. 10.5 ಸುತ್ತಮುತ್ತ ತೋರಿಸಿ, ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆ. ಅದಕ್ಕೆ ಮದ್ದಿಲ್ಲ.

ಈಗ ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ ನೀವು ಮೀಟರ್ ನೋಡಿ. ತುಂಬಿದ, ಗಟ್ಟಿ ಬ್ಯಾಟರಿ ಸೆಲ್ಫ್ ಹೊಡೆಯುವಾಗ 10ರ ಮೇಲೇ ನಿಲ್ಲುತ್ತದೆ. 12.6 ಇದ್ದದ್ದು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಹಾಗಲ್ಲದೆ ಮೀಟರ್ 12ರ ಮೇಲೇ ಗಟ್ಟಿಯಾಗಿ ನಿಂತು, ಒಂದೇ ಒಂದು 'ಟಕ್' ಕೇಳಿಸಿ ಸುಮ್ಮನಾದರೆ ಬ್ಯಾಟರಿಯನ್ನು ಬಯ್ಯಬೇಡಿ. ಕರೆಂಟು ಸೆಲ್ಫಿನವರೆಗೆ ಹೋಗುತ್ತಿಲ್ಲ, ಇಲ್ಲವೇ ಸೆಲ್ಫೇ ಕೆಟ್ಟಿದೆ.

ಮಲೆನಾಡಿನ ಮಳೆಗೆ ಹೆಚ್ಚು ಕೈಕೊಡುವುದು ಇಲ್ಲೇ, ಟರ್ಮಿನಲ್ಲಿಗೂ ಕ್ಲ್ಯಾಂಪಿಗೂ ನಡುವೆ. ಹೊರಗೆ ಕಾಣುವ ಹಸಿರು, ಬಿಳಿ ಹುಡಿ ಒಂದು ಸೂಚನೆ ಮಾತ್ರ. ಎಷ್ಟೋ ಸಲ ಹೊರಗೆ ಚೊಕ್ಕವಾಗಿದ್ದು, ಕ್ಲ್ಯಾಂಪಿನ ಒಳಮೈ ಮಸಿಯಂತೆ ಕಪ್ಪಗಾಗಿರುತ್ತದೆ. ಇದನ್ನು ಹಿಡಿಯಲು ಮೀಟರಿನ ಒಂದು ಕಡ್ಡಿಯನ್ನು ಸೀಸದ ಟರ್ಮಿನಲ್ಲಿನ ನೆತ್ತಿಯ ಮೇಲೆ ಒತ್ತಿ, ಇನ್ನೊಂದನ್ನು ಅದನ್ನೇ ತಬ್ಬಿರುವ ಕ್ಲ್ಯಾಂಪಿನ ಮೇಲೆ ಒತ್ತಿ. ಎರಡರ ನಡುವೆ ಒಂದು ಬೆರಳಿನ ಅಂತರವೂ ಇರುವುದಿಲ್ಲ. ಈಗ ಸೆಲ್ಫ್ ಹೊಡೆಸಿ. ಸೊನ್ನೆಯ ಹತ್ತಿರವೇ ಇದ್ದರೆ ಸರಿ. 0.2 ದಾಟಿದರೆ ಬಿಚ್ಚಿ ಉಜ್ಜಲೇಬೇಕು. 0.5 ಅಂದರೆ ಸಣ್ಣದಲ್ಲವೇ ಅನ್ನಿಸಬಹುದು. ಸೆಲ್ಫ್ 150 ಆಂಪಿಯರ್ ಎಳೆಯುವಾಗ ಅರ್ಧ ವೋಲ್ಟ್ ಅಲ್ಲಿ ನಷ್ಟವಾದರೆ, 75 ವ್ಯಾಟ್ ಆ ಹುಡಿಯಲ್ಲೇ ಸುಟ್ಟು ಹೋಗುತ್ತಿದೆ ಎಂದರ್ಥ. ಮುಟ್ಟಿದರೆ ಕ್ಲ್ಯಾಂಪ್ ಬೆಚ್ಚಗಿರುತ್ತದೆ. ಪ್ಲಸ್, ಮೈನಸ್ ಎರಡನ್ನೂ ಹೀಗೇ ನೋಡಿ.

ಅದಾದ ಮೇಲೆ ಒಂದು ಕಡ್ಡಿ ಮೈನಸ್ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಇಟ್ಟು ಮತ್ತೊಮ್ಮೆ ಸೆಲ್ಫ್. ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ವೈರು ಒಳಗೇ ತುಕ್ಕು ತಿಂದಿದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೊಸ ಅರ್ಥ್ ವೈರು ಹಾಕಿಸುವ ಖರ್ಚು ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ. ತೋಟದ ಕೆಸರು ರಸ್ತೆಯಲ್ಲಿ ಓಡುವ ಹಳೇ ಓಮ್ನಿ, ಬೊಲೆರೋಗಳಲ್ಲಿ ಮೊದಲು ಅನುಮಾನ ಪಡಬೇಕಾದ ಜಾಗ ಇದೇ.

ಡೈನಮೋ ತುಂಬುತ್ತಿದೆಯೇ, ಯಾರಾದರೂ ಕದಿಯುತ್ತಿದ್ದಾರೆಯೇ

ಎಂಜಿನ್ ಚಾಲೂ ಆದ ಮೇಲೆ, ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5ರೊಳಗೆ ಇರಬೇಕು. 12.5 ತೋರಿಸಿ ಇಳಿಯುತ್ತಾ ಹೋದರೆ ಡೈನಮೋ ಕೆಲಸ ಮಾಡುತ್ತಿಲ್ಲ: ಬೆಲ್ಟು ಸಡಿಲ, ಕಾರ್ಬನ್ ಸವೆದಿದೆ, ಇಲ್ಲವೇ ರೆಗ್ಯುಲೇಟರ್ ಹೋಗಿದೆ. 15 ದಾಟಿದರೆ ಅದು ಉಲ್ಟಾ ಕಾಯಿಲೆ, ಬ್ಯಾಟರಿಯನ್ನು ಕುದಿಸಿ ನೀರು ಹಾರಿಸುತ್ತದೆ. ಆಗಾಗ ನೀರು ಕಡಿಮೆಯಾಗುವ ಬ್ಯಾಟರಿಗಳಿಗೆ ಬಹುತೇಕ ಇದೇ ಕಾರಣ. ಈ ಎರಡರಲ್ಲಿ ಯಾವುದಿದ್ದರೂ ಅದನ್ನು ಸರಿಮಾಡಿಸದೆ ಹೊಸ ಬ್ಯಾಟರಿ ಕೂರಿಸಬೇಡಿ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಡೈನಮೋವನ್ನು ಏರಿಸಿ ಇಳಿಸುವುದರಿಂದ ಒಮ್ಮೊಮ್ಮೆ 13ರ ಹತ್ತಿರ ಕಾಣಬಹುದು. ಲೈಟು, ಬ್ಲೋವರ್ ಹಾಕಿದಾಗ ಮೇಲೇರಿದರೆ ಚಿಂತೆಯಿಲ್ಲ.

ಎರಡು ಮೂರು ದಿನ ನಿಲ್ಲಿಸಿದರೆ ಮಾತ್ರ ಸ್ಟಾರ್ಟ್ ಆಗದ ಗಾಡಿಯಲ್ಲಿ ಕರೆಂಟು ಸೋರಿಕೆ ಹುಡುಕಿ. ಕೀ ತೆಗೆದು, ಬಾಗಿಲು ಹಾಕಿ, ಮೈನಸ್ ಕ್ಲ್ಯಾಂಪ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರಂಧ್ರಕ್ಕೆ ಬದಲಿಸಿ ಟರ್ಮಿನಲ್ಲಿಗೂ ಕ್ಲ್ಯಾಂಪಿಗೂ ನಡುವೆ ಜೋಡಿಸಿ. ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಕೊಡಿ. ಮೀಟರ್ ಹೀಗೆ ನಡುವೆ ಇರುವಾಗ ಯಾರೂ ಕೀ ತಿರುಗಿಸಬಾರದು, ತಿರುಗಿಸಿದರೆ ಮೀಟರಿನ ಫ್ಯೂಸು ಹಾರುತ್ತದೆ, ಇಲ್ಲವೇ ಮೀಟರೇ ಹಾಳಾಗುತ್ತದೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಸಹಜ. 200 ಬಂದರೆ ಲೆಕ್ಕ ಹಾಕಿ ನೋಡಿ: 35 ಎಎಚ್ ಬ್ಯಾಟರಿ ಏಳು ದಿನಕ್ಕೆ ಪೂರ್ತಿ ಖಾಲಿ, ಮೂರೂವರೆ ದಿನಕ್ಕೆ ಅರ್ಧ. ಚಳಿಯ ಬೆಳಿಗ್ಗೆ ಕಾರು ಏಳದಿರಲು ಅರ್ಧ ಸಾಕು. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್, ಡ್ಯಾಶ್ ಕ್ಯಾಮೆರಾ, ಆರದೇ ಉಳಿಯುವ ಡಿಕ್ಕಿಯ ಲೈಟು ಇವೇ ಸಾಮಾನ್ಯ ಆರೋಪಿಗಳು. ಫಾಸ್ಟ್ಯಾಗ್ ಮೇಲೆ ಅನುಮಾನ ಪಡುವವರೂ ಇದ್ದಾರೆ. ಅದು ಗಾಡಿಯಿಂದ ಒಂದು ಹನಿ ಕರೆಂಟೂ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಅವಕಾಶ

ಖಾಲಿಯಾಗಿದೆ, ಆದರೆ ವಯಸ್ಸು ಮೂರು ವರ್ಷದೊಳಗೆ ಎಂದಾದರೆ ನಿಧಾನ ಚಾರ್ಜ್ ಮಾಡಿಸಿ ನೋಡಿ. ನಿಯಮ ಸರಳ: ಎಎಚ್‌ನ ಹತ್ತನೇ ಒಂದು ಭಾಗ. 35 ಎಎಚ್‌ಗೆ 3.5 ಆಂಪಿಯರ್, ಹತ್ತು ಹನ್ನೆರಡು ಗಂಟೆ. 'ಒಂದು ಗಂಟೆಯಲ್ಲಿ ಕೊಡ್ತೀವಿ' ಅನ್ನುವ ಬೂಸ್ಟ್ ಚಾರ್ಜ್ ಪ್ಲೇಟುಗಳನ್ನು ಬಿಸಿ ಮಾಡಿ ಬಾಗಿಸುತ್ತದೆ, ಬೇಡ. ಚಾರ್ಜ್ ಆದ ಮೇಲೆ ಏನೂ ಜೋಡಿಸದೆ ಹನ್ನೆರಡು ಗಂಟೆ ಬಿಟ್ಟು ಅಳೆಯಿರಿ. 12.5 ಹಿಡಿದುಕೊಂಡಿದ್ದರೆ ಬದುಕಿದೆ.

ಮುಚ್ಚಳ ಬಿಚ್ಚುವ ಮಾದರಿಯಾದರೆ ನೀರು ನೋಡಿ. ಪ್ಲೇಟಿನ ಮೇಲೆ ಒಂದು ಸೆಂಟಿಮೀಟರಿನಷ್ಟು, ಅಥವಾ ಮೈಮೇಲಿನ ಗೆರೆಯವರೆಗೆ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆರ್‌ಒ ಫಿಲ್ಟರ್ ನೀರಲ್ಲಿ ಲವಣ ಉಳಿದಿರುತ್ತದೆ. ಹೆಂಚಿನಿಂದ ಇಳಿದ ಮಳೆನೀರು ಎಷ್ಟೇ ತಿಳಿಯಾಗಿ ಕಂಡರೂ ಧೂಳು, ಪಾಚಿ ತಂದಿರುತ್ತದೆ. ಆಸಿಡ್ ಅಂತೂ ಎಂದೂ ಸುರಿಯಬೇಡಿ. ಆವಿಯಾಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ಅಂಗಡಿಯವರ ಹತ್ತಿರ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ಲು ನೋಡಿಸಿ. ಪೂರ್ತಿ ಚಾರ್ಜಾದಾಗ 1.240ರಿಂದ 1.260ರ ಸುಮಾರಿಗೆ ಇರಬೇಕು. ಒಂದು ಸೆಲ್ಲು ಮಿಕ್ಕವಕ್ಕಿಂತ 0.050 ಕೆಳಗಿದ್ದರೆ ಅಲ್ಲಿಗೆ ಆಸೆ ಬಿಡಿ.

ಚಾರ್ಜಾಗುವಾಗ ಹೈಡ್ರೋಜನ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ, ಒಲೆಯ ಪಕ್ಕ, ಬೀಡಿ ಕೈಯಲ್ಲಿ ಹಿಡಿದು ಈ ಕೆಲಸ ಬೇಡ.

ಅಂಗಡಿಯಲ್ಲಿ

ಹಾಸನದ ಬಿ.ಎಂ. ರಸ್ತೆಯಾಗಲಿ, ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಾಗಲಿ, ಹೋಗುವಾಗ ಹಳೇ ಬ್ಯಾಟರಿಯ ಮೇಲಿನ ನಂಬರಿನ ಫೋಟೋ ಮೊಬೈಲಿನಲ್ಲಿರಲಿ. ಉದಾಹರಣೆಗೆ 38ಬಿ20ಎಲ್. 38 ಶಕ್ತಿಯ ದರ್ಜೆ, ಬಿ ಅಗಲ ಮತ್ತು ಎತ್ತರದ ಗುಂಪು, 20 ಅಂದರೆ ಉದ್ದ ಸುಮಾರು ಇಪ್ಪತ್ತು ಸೆಂಟಿಮೀಟರ್. ಕೊನೆಯ ಅಕ್ಷರದಲ್ಲೇ ಜನ ಎಡವುವುದು. ಟರ್ಮಿನಲ್ ಇರುವ ಅಂಚು ನಿಮ್ಮ ಕಡೆ ಬರುವಂತೆ ಇಟ್ಟರೆ ಎಲ್‌ನಲ್ಲಿ ಪ್ಲಸ್ ಬಲಕ್ಕೆ, ಆರ್‌ನಲ್ಲಿ ಎಡಕ್ಕೆ. ತಪ್ಪಾದದ್ದು ತಂದರೆ ವೈರು ಎಟಕುವುದಿಲ್ಲ. ಎಳೆದು ಎಟಕಿಸಿದರೆ ಅಲುಗಾಟಕ್ಕೆ ಒಂದು ದಿನ ಕಿತ್ತುಬರುತ್ತದೆ, ಇಲ್ಲವೇ ಅವಸರದಲ್ಲಿ ಉಲ್ಟಾ ಜೋಡಿಸಿ ಡೈನಮೋದ ಡಯೋಡ್ ಸುಡುತ್ತೀರಿ. ಡಿಐಎನ್ ಎಂದು ಶುರುವಾಗುವ ನಂಬರಿನವು ಕುಳ್ಳು, ಟರ್ಮಿನಲ್ ದಪ್ಪ. ಜಪಾನಿ ಮಾದರಿಯ ಸಣ್ಣ ಬಿ ಗುಂಪಿನವು ಎತ್ತರ, ಟರ್ಮಿನಲ್ ಸಣ್ಣ. ದಪ್ಪ ಕ್ಲ್ಯಾಂಪನ್ನು ಸಣ್ಣ ಟರ್ಮಿನಲ್ಲಿಗೆ ಹಾಕಿ ನಡುವೆ ತಗಡಿನ ಚೂರು ತುರುಕುವ ಅಭ್ಯಾಸ ನಮ್ಮಲ್ಲಿದೆ. ಬೇಕಿದ್ದರೆ ಸಣ್ಣ ಟರ್ಮಿನಲ್ಲಿಗೆ ತೊಡಿಸಲೆಂದೇ ಸೀಸದ ಸ್ಲೀವ್ ಸಿಗುತ್ತದೆ, ಅದನ್ನು ಕೇಳಿ. ಎತ್ತರದ ಬ್ಯಾಟರಿ ಬಾನೆಟ್ಟಿಗೆ ತಾಗುವಂತಿದ್ದರೆ ಎಷ್ಟು ಅಗ್ಗವಾದರೂ ಬೇಡ. ಬಾನೆಟ್ ಮುಚ್ಚಿದ ಕ್ಷಣ ಪ್ಲಸ್ಸಿಗೆ ಬಾಡಿ ತಾಗಿ ಬೆಂಕಿ.

ಎಎಚ್ ಸ್ವಲ್ಪ ಹೆಚ್ಚಿದ್ದರೆ ಡೈನಮೋಗೆ ಹೊರೆಯಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಟ್ರೇಯಲ್ಲಿ ಕೂರಬೇಕು, ಪಟ್ಟಿ ಬಿಗಿಯಾಗಬೇಕು, ಅಷ್ಟೆ. ಆದರೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಹಾಕಿ ಉಳಿಸುವ ಐನೂರು ರೂಪಾಯಿ ಉಳಿತಾಯವಲ್ಲ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಆನ್ ಆಗುವ ಕಾರಿಗೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಯೇ ಬೇಕು, ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ಮಾಡುವ ಕೆಲಸಕ್ಕೆ ಮಾಮೂಲಿ ಬ್ಯಾಟರಿ ಬೇಗ ಸೋಲುತ್ತದೆ. ಮನೆಯ ಯುಪಿಎಸ್ ಬ್ಯಾಟರಿಯನ್ನು ಕಾರಿಗೆ ಹಾಕುವ ಐಡಿಯಾ ಬಿಡಿ. ಅದು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡಲು ಮಾಡಿದ್ದು. ಎರಡು ಸೆಕೆಂಡಿನಲ್ಲಿ ನೂರೈವತ್ತು ಆಂಪಿಯರ್ ಎಸೆಯಲು ಅಲ್ಲ.

ಗ್ಯಾರಂಟಿಯ ಅಂಕಿ ಸರಿಯಾಗಿ ಓದಿ. '24+24' ಅಂದರೆ ನಾಲ್ಕು ವರ್ಷ ಬಿಟ್ಟಿ ಎಂದಲ್ಲ. ಮೊದಲ 24 ತಿಂಗಳು ಕೆಟ್ಟರೆ ಬದಲಿ ಬ್ಯಾಟರಿ ಉಚಿತ. ಆಮೇಲಿನ 24 ತಿಂಗಳು ಎಂಆರ್‌ಪಿ ಮೇಲೆ ರಿಯಾಯಿತಿ ಮಾತ್ರ. ಅಂಗಡಿಯವರು ಮೊದಲೇ ಎಂಆರ್‌ಪಿಗಿಂತ ಕಡಿಮೆಗೆ ಮಾರುವುದರಿಂದ ಆ ರಿಯಾಯಿತಿಯಲ್ಲಿ ಕೈಗೆ ಸಿಗುವುದು ಅಲ್ಪ. ಆದ್ದರಿಂದ ಬೆಲೆಯನ್ನು ಉಚಿತ ತಿಂಗಳುಗಳಿಂದ ಭಾಗಿಸಿ. 3,800 ರೂಪಾಯಿಗೆ 18 ತಿಂಗಳು ಅಂದರೆ ತಿಂಗಳಿಗೆ 211. 4,500ಕ್ಕೆ 30 ತಿಂಗಳು ಅಂದರೆ ತಿಂಗಳಿಗೆ 150. ಇನ್ನೆರಡು ವರ್ಷದಲ್ಲಿ ಕಾರು ಮಾರುವವರಿಗೆ ಅಗ್ಗದ್ದೇ ಸರಿ, ಇಟ್ಟುಕೊಳ್ಳುವವರಿಗೆ ಎರಡನೆಯದು. ಹಳದಿ ಬೋರ್ಡ್ ಗಾಡಿಯವರು ಟ್ಯಾಕ್ಸಿ ಎಂದೇ ಹೇಳಿ ಕಾರ್ಡು ಬರೆಸಿ, ಗ್ಯಾರಂಟಿ ಕಡಿಮೆಯಾದರೂ. ಸ್ವಂತದ್ದೆಂದು ಬರೆಸಿದರೆ ಆಮೇಲೆ ಕ್ಲೈಮ್ ಬಿದ್ದುಹೋಗುತ್ತದೆ.

ತಯಾರಾದ ತಿಂಗಳು ನೋಡಿ. ಮೂರು ತಿಂಗಳೊಳಗಿನದು ಒಳ್ಳೆಯದು, ಆರು ದಾಟಿದ್ದು ಬೇಡ. ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತರೂ ಬ್ಯಾಟರಿ ತನ್ನಷ್ಟಕ್ಕೆ ತಾನೇ ಇಳಿದು ಪ್ಲೇಟಿಗೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ದುಡ್ಡು ಕೊಡುವ ಮುಂಚೆ ನಿಮ್ಮದೇ ಮೀಟರ್ ಇಟ್ಟು ನೋಡಿ. 12.5 ಇರಲಿ. 12.4ಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ. ಇದರಲ್ಲಿ ಸಂಕೋಚವೇನಿಲ್ಲ, ತೆಂಗಿನಕಾಯಿಯನ್ನೂ ಅಲ್ಲಾಡಿಸಿಯೇ ತಗೊಳ್ಳುವುದಲ್ಲವೇ.

ಹಳೇದು ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು ಎಂದು ಎರಡು ಬೆಲೆ ಬೇರೆ ಬೇರೆ ಕೇಳಿ. ಇದಿಲ್ಲದೆ ಎರಡು ಅಂಗಡಿಗಳ ಬೆಲೆ ಹೋಲಿಸಲು ಆಗುವುದೇ ಇಲ್ಲ. ಸೀಸಕ್ಕೆ ಬೆಲೆಯಿದೆ, ಸತ್ತ ಬ್ಯಾಟರಿಯೂ ದುಡ್ಡೇ. ಗುಜರಿಯವರಿಗಿಂತ ಬ್ಯಾಟರಿ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ಮನೆ ಕಸದ ಜೊತೆ ಸೇರಿಸುವಂತಿಲ್ಲ, ಅದು ಮರುಬಳಕೆಯವರ ದಾರಿಗೇ ಹೋಗಬೇಕು. ಆಸಿಡ್ ಚರಂಡಿಗೆ ಚೆಲ್ಲಿದರೆ ಅದು ಸೇರುವುದು ನಮ್ಮದೇ ಹಳ್ಳಕ್ಕೆ.

'ರಿಪೇರಿ ಮಾಡಿದ್ದು, ಆರು ತಿಂಗಳು ಗ್ಯಾರಂಟಿ, ಅರ್ಧ ಬೆಲೆ' ಎಂದು ಸಿಗುವವು ಬಹುಮಟ್ಟಿಗೆ ಆಸಿಡ್ ಬದಲಿಸಿ ಚಾರ್ಜ್ ಮಾಡಿದ ಹಳೇ ಬ್ಯಾಟರಿಗಳು. ಉದುರಿದ ಪ್ಲೇಟು ಮತ್ತೆ ಅಂಟುವುದಿಲ್ಲ. ಊರೊಳಗೆ ಓಡುವ ಗಾಡಿಗೆ, ಸಂಬಳ ಆಗುವವರೆಗೆ ದಿನ ದೂಡಲು ಆದೀತು. ರಾತ್ರಿ ಶಿರಾಡಿಯೋ ಚಾರ್ಮಾಡಿಯೋ ಘಾಟಿ ಇಳಿಯುವವರು ನಂಬಬಾರದು.

ಬಿಚ್ಚುವುದು, ಕೂರಿಸುವುದು

ಬೇಕಾದದ್ದು ಇಷ್ಟೆ: ಹತ್ತನೇ ನಂಬರ್ ಸ್ಪ್ಯಾನರ್, ಕೆಲವು ಗಾಡಿಗಳ ಪಟ್ಟಿಗೆ ಹದಿಮೂರು, ಹಳೇ ಹಲ್ಲುಜ್ಜುವ ಬ್ರಷ್, ಎರಡು ಚಮಚ ಅಡುಗೆ ಸೋಡಾ ಕದಡಿದ ಒಂದು ಲೋಟ ಬಿಸಿನೀರು, ಒಂದು ತುಂಡು ಎಮರಿ ಪೇಪರ್, ವ್ಯಾಸಲಿನ್, ರಬ್ಬರ್ ಗ್ಲೌಸ್. ಉಂಗುರ, ಕೈಕಡಗ, ವಾಚು ತೆಗೆದಿಡಿ. ಚಾಲಕನ ಕಡೆಯ ಗಾಜು ಇಳಿಸಿ, ಕೀ ಜೇಬಿನಲ್ಲಿರಲಿ. ಕರೆಂಟು ಮತ್ತೆ ಬಂದಾಗ ಕೆಲವು ಸೆಂಟ್ರಲ್ ಲಾಕುಗಳು ತಾವೇ ಬೀಗ ಹಾಕಿಕೊಳ್ಳುತ್ತವೆ.

ಮೊದಲು ಮೈನಸ್ ಬಿಚ್ಚಿ. ಇದರ ಕಾರಣ ತಿಳಿದರೆ ಕ್ರಮ ಮರೆಯುವುದಿಲ್ಲ. ಗಾಡಿಯ ಇಡೀ ಬಾಡಿ ಮೈನಸ್ಸಿಗೆ ಸೇರಿದೆ. ಮೈನಸ್ ಇನ್ನೂ ಜೋಡಿಯಿರುವಾಗ ಪ್ಲಸ್ ಬಿಚ್ಚಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರ್ ಅಲ್ಲೇ ಬೆಸುಗೆಯಾಗಿ ಕೆಂಪಗಾಗುತ್ತದೆ. ಮೈನಸ್ ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿದ ಮೇಲೆ ಪ್ಲಸ್, ಆಮೇಲೆ ಹಿಡಿದಿಡುವ ಪಟ್ಟಿ. ಕ್ಲ್ಯಾಂಪ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಟರ್ಮಿನಲ್ ಬುಡ ಬಿರಿದು ಆಸಿಡ್ ಜಿನುಗುತ್ತದೆ. ಸೋಡಾ ನೀರು ಹಾಕಿ ನೊರೆ ಅಡಗಿದ ಮೇಲೆ ಆಚೀಚೆ ತಿರುಗಿಸಿ ಎತ್ತಿ. ಮೈನಸ್ ಕ್ಲ್ಯಾಂಪಿನಲ್ಲೇ ಸಣ್ಣ ಡಬ್ಬಿಯಂಥ ಸೆನ್ಸರ್ ಇರುವ ಕಾರಾದರೆ ಇನ್ನೂ ನಾಜೂಕು. ಸಣ್ಣ ಬ್ಯಾಟರಿ ಸುಮಾರು ಹತ್ತು ಕೆ.ಜಿ., ದೊಡ್ಡ ಡೀಸೆಲ್ ಗಾಡಿಯದು ಹದಿನೈದು ದಾಟುತ್ತದೆ. ಓರೆ ಮಾಡದೆ ನೆಟ್ಟಗೆ ಎತ್ತಿ. ಕೈಗೆ ಆಸಿಡ್ ತಾಗಿದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಕುತ್ತಲೇ ಇದ್ದು ನೇರ ಆಸ್ಪತ್ರೆಗೆ.

ಟ್ರೇಯನ್ನೂ ಸೋಡಾ ನೀರಿನಿಂದ ತೊಳೆದು ಒಣಗಿಸಿ. ಕ್ಲ್ಯಾಂಪಿನ ಒಳಮೈಯನ್ನು ಎಮರಿಯಿಂದ ಹೊಳೆಯುವ ತನಕ ಉಜ್ಜಿ. ಹೊಸದು ಕೂರಿಸಿ, ಮೊದಲು ಪಟ್ಟಿ ಬಿಗಿ ಮಾಡಿ: ಕೈಯಿಂದ ಅಲ್ಲಾಡಿಸಿದರೆ ಗಾಡಿಯೇ ಅಲ್ಲಾಡಬೇಕು, ಬ್ಯಾಟರಿಯಲ್ಲ. ನಮ್ಮ ರಸ್ತೆಗಳ ಗುಂಡಿಯಲ್ಲಿ ಸಡಿಲ ಬ್ಯಾಟರಿಯ ಪ್ಲೇಟು ಉದುರಲು ಒಂದು ಮಳೆಗಾಲ ಸಾಕು. ಈಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕ್ಲ್ಯಾಂಪ್ ಬುಡದವರೆಗೆ ಇಳಿಯಬೇಕು. ಸುತ್ತಿಗೆ ಬೇಡ. ಬಿಗಿಯಾದ ಮೇಲೆ ಕೈಯಿಂದ ತಿರುಗಿಸಿದರೆ ಕದಲಬಾರದು. ಅದಕ್ಕಿಂತ ಹೆಚ್ಚು ಬಿಗಿದರೆ ಸೀಸ ಮೆತ್ತಗಿರುವುದರಿಂದ ಸೀಳುತ್ತದೆ. ವ್ಯಾಸಲಿನ್ ಹಚ್ಚುವುದು ಜೋಡಿಸಿದ ಮೇಲೆ, ಹೊರಗಡೆಗೆ. ಕೆಂಪು ಮುಚ್ಚಳ ಮರೆಯಬೇಡಿ.

ಸ್ಟಾರ್ಟ್ ಮಾಡಿ ಎಸಿ ಹಾಕದೆ ಹತ್ತು ನಿಮಿಷ ಬಿಡಿ. ಮೊದಲಿಗೆ ಐಡಲ್ ಏರಿಳಿದರೆ ಕಂಪ್ಯೂಟರ್ ಹಳೇ ಲೆಕ್ಕ ಮರೆತಿದೆ, ತಾನೇ ಕಲಿಯುತ್ತದೆ. ಗಡಿಯಾರ ಸರಿಮಾಡಿ. ಒಂದೇ ಒತ್ತಿಗೆ ಏರುತ್ತಿದ್ದ ಗಾಜು ಏರದಿದ್ದರೆ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದುಕೊಳ್ಳಿ.

ಅಂಗಡಿಗೆ ಹೋಗುವವರೆಗೆ ಗಾಡಿ ಏಳಿಸುವುದು

ಜಂಪರ್ ಕೇಬಲ್ ಇದ್ದರೆ: ಸತ್ತದ್ದರ ಪ್ಲಸ್, ಗಟ್ಟಿಯದರ ಪ್ಲಸ್, ಗಟ್ಟಿಯದರ ಮೈನಸ್, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರೀ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಕಿಡಿ ಬ್ಯಾಟರಿಯ ಗ್ಯಾಸಿನ ಪಕ್ಕ ಹಾರಬಾರದು ಎಂದೇ ಹೀಗೆ. ಕಾಫಿ ಮೂಟೆ ಹೇರುವ ಲಾರಿಯಿಂದ ಕರೆಂಟು ತೆಗೆದುಕೊಳ್ಳಬೇಡಿ, ಹೆಚ್ಚಿನವು 24 ವೋಲ್ಟ್. ಕಾರಿನ ಕಂಪ್ಯೂಟರ್ ಸುಟ್ಟರೆ ಹತ್ತು ಬ್ಯಾಟರಿಯ ದುಡ್ಡು ಹೋದ ಹಾಗೆ.

ಇಳಿಜಾರಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸೆಕೆಂಡ್ ಗೇರಿಗೆ ಬಿಡುವುದು ಮಲೆನಾಡಿನ ಹಳೇ ವಿದ್ಯೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಇದು ನಡೆಯದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಹೊಸ ಕಾರಿನಲ್ಲೂ ನಡೆಯದು, ಇಂಧನ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕಲ್ಲ. ಅದಕ್ಕಿಂತ ಮುಖ್ಯ, ಎಂಜಿನ್ ಇಲ್ಲದಾಗ ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಕೀ ಹೊರಗಿದ್ದರೆ ಸ್ಟೇರಿಂಗ್ ಲಾಕೇ ಬೀಳುತ್ತದೆ. ಸಮತಟ್ಟು ಜಾಗದಲ್ಲಿ ನಾಲ್ಕು ಜನ ತಳ್ಳಲಿ, ಇಳಿಜಾರಿನ ಸಹವಾಸ ಬೇಡ.

ತಿಂಗಳುಗಟ್ಟಲೆ ತೋಟದ ಮನೆಯಲ್ಲಿ ನಿಲ್ಲುವ ಗಾಡಿಯ ಮೈನಸ್ ಬಿಚ್ಚಿಡಿ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡುವುದರಿಂದ ಪೆಟ್ರೋಲ್ ಉರಿಯುತ್ತದೆಯೇ ಹೊರತು ಇಳಿದ ಬ್ಯಾಟರಿ ತುಂಬುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಪ್ರಯೋಜನ. ಜೂನ್ ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಟರ್ಮಿನಲ್ ನೋಡಿ.

ಹೊಸ ಬ್ಯಾಟರಿಯ ಮೇಲೆ ಹಾಕಿದ ತಾರೀಖು ಮಾರ್ಕರಿನಲ್ಲಿ ಬರೆಯಿರಿ, ಬಿಲ್ಲು ಮತ್ತು ಗ್ಯಾರಂಟಿ ಕಾರ್ಡಿನ ಫೋಟೋ ತೆಗೆದಿಡಿ. ಥರ್ಮಲ್ ಪೇಪರಿನ ಬಿಲ್ಲು ವರ್ಷದಲ್ಲಿ ಬೆಳ್ಳಗಾಗುತ್ತದೆ. ಒಂದಿಷ್ಟು ದೂರ ಓಡಿಸಿ ನಿಲ್ಲಿಸಿದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಮತ್ತೊಮ್ಮೆ ಮೀಟರ್ ಇಡಿ. 12.4ಕ್ಕಿಂತ ಕೆಳಗಿದ್ದರೆ ಮೈನಸ್ ಬಿಚ್ಚಿಟ್ಟು ಇನ್ನೊಂದು ರಾತ್ರಿ ಬಿಡಿ. ಬಿಚ್ಚಿಟ್ಟಾಗ ಇಳಿಯದಿದ್ದರೆ ಸೋರಿಕೆ ಗಾಡಿಯಲ್ಲಿದೆ. ಆಗಲೂ ಇಳಿದರೆ ಬಿಲ್ಲು ಹಿಡಿದು ಅಂಗಡಿಗೆ ಹೋಗಿ.